ಬೋವೆಯಲ್ಲಿ ಇಳಿದವರು

ಯುರೋಪಿನಲ್ಲಿ ನೆಲೆಸಿರುವ ನಮ್ಮವರಲ್ಲಿ ಯಾರನ್ನಾದರೂ 'ರೋಮ್ ಹೇಗಿತ್ತು?' ಎಂದು ಕೇಳಿ ನೋಡಿ. ಮೊದಲು ಬರುವ ಉತ್ತರದಲ್ಲಿ ರೋಮ್ ಇರುವುದಿಲ್ಲ, ಟಿಕೆಟಿನ ದರ ಇರುತ್ತದೆ. 'ಹತ್ತೊಂಬತ್ತು ಯೂರೋಗೆ ಹೋಗಿಬಂದೆವು' ಎಂದು ಹೇಳಿ, ನಮ್ಮ ಮುಖದಲ್ಲಿ ಬೆರಗು ಕಾಣಿಸಿಕೊಳ್ಳುವವರೆಗೆ ಅವರು ಸುಮ್ಮನೆ ಕಾಯುತ್ತಾರೆ. ಬೆರಗು ಕಾಣಿಸಿಕೊಂಡಿತೆಂದರೆ ಕೊಲೊಸಿಯಂ ಬಗ್ಗೆ ಹೇಳುವ ಅಗತ್ಯ ಅವರಿಗೆ ಉಳಿಯುವುದಿಲ್ಲ. ಡಬ್ಲಿನ್ನಿನಲ್ಲಿರುವ ನಮ್ಮ ಭಾವ ಈ ಪಂಥದ ಹಿರಿಯರು. ಅಕ್ಕನ ಮನೆಗೆಂದು ಹೋದ ನನ್ನನ್ನು ಅವರು ಫ್ರಾನ್ಸಿಗೆ ಕರೆದುಕೊಂಡು ಹೋದದ್ದು ಫ್ರಾನ್ಸನ್ನು ತೋರಿಸಲಿಕ್ಕೋ, ಟಿಕೆಟಿನ ದರವನ್ನು ತೋರಿಸಲಿಕ್ಕೋ ಎಂಬ ಅನುಮಾನ ನನಗೆ ಇವತ್ತಿಗೂ ಇದೆ.

ಆ ದರದ ಒಳಗೆ ಏನೇನು ಸೇರಿಲ್ಲ ಎಂದು ಕೇಳುವುದು ಅವರ ಪ್ರಕಾರ ಅಪಶಕುನ. ಒಂದೇ ವೀಸಾದಲ್ಲಿ ಓಡಾಡಲು ಬಿಡುವ ಯುರೋಪಿನ ದೇಶಗಳ ಷೆಂಗೆನ್ ಕೂಟದಲ್ಲಿ ಐರ್ಲೆಂಡ್ ಇಲ್ಲದ ಕಾರಣ ನನ್ನಂಥವರು ಬೆಂಗಳೂರಿನಿಂದ ಹೊರಡುವಾಗಲೇ ಎರಡು ವೀಸಾ ಮಾಡಿಸಿಕೊಳ್ಳಬೇಕು. ಷೆಂಗೆನ್ ವೀಸಾದ ಶುಲ್ಕವೊಂದೇ 90 ಯೂರೋ, ಜೊತೆಗೆ ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ. ವಿಮಾನದೊಳಗೆ ಪುಕ್ಕಟೆಯಾಗಿ ಒಯ್ಯಬಹುದಾದ ಚೀಲ ಸೀಟಿನ ಕೆಳಗೆ ತೂರಬೇಕು, 40 ಸೆಂಟಿಮೀಟರ್ ಎತ್ತರ, 30 ಅಗಲ, 20 ದಪ್ಪ. ಅದಕ್ಕಿಂತ ಬೆರಳಷ್ಟು ಹೆಚ್ಚಿದ್ದರೆ ಗೇಟಿನಲ್ಲಿ ತೆರಬೇಕಾದ ಹಣ ಟಿಕೆಟಿನ ದರವನ್ನು ಸುಲಭವಾಗಿ ಮೀರುತ್ತದೆ. ಆದುದರಿಂದ ಅಕ್ಕ ಎರಡು ಸ್ವೆಟರುಗಳನ್ನು ಒಂದರ ಮೇಲೊಂದು ತೊಟ್ಟಿದ್ದಳು. ಭಾವನ ಕೋಟಿನ ಒಂದು ಜೇಬಿನಲ್ಲಿ ಚಾರ್ಜರುಗಳು, ಇನ್ನೊಂದರಲ್ಲಿ ಕಾಗದದಲ್ಲಿ ಸುತ್ತಿದ ಚಪಾತಿ. ಸೀಟು ಹಿಂದಕ್ಕೆ ವಾಲುವುದಿಲ್ಲ, ಮುಂದೆ ಪುಸ್ತಕ ಸಿಕ್ಕಿಸಲು ಜೇಬಿಲ್ಲ, ನಡುವೆ ಗೀಚಿ ನೋಡುವ ಲಾಟರಿ ಚೀಟಿ ಮಾರಲು ಬರುತ್ತಾರೆ.

ಈ ಅಗ್ಗದ ವಿಮಾನಗಳು ಹುಟ್ಟಿಕೊಂಡದ್ದಕ್ಕೆ ಕಾನೂನಿನ ಕಾರಣವಿದೆ. ದರವನ್ನೂ ಮಾರ್ಗವನ್ನೂ ಕಂಪನಿಗಳೇ ತೀರ್ಮಾನಿಸಿಕೊಳ್ಳಲಿ ಎಂದು ಯುರೋಪಿನ ದೇಶಗಳು 1992ರಲ್ಲಿ ಒಪ್ಪಿದವು. 1997ರಿಂದ ಒಂದು ದೇಶದ ಕಂಪನಿ ಇನ್ನೊಂದು ದೇಶದ ಎರಡು ಊರುಗಳ ನಡುವೆಯೂ ಹಾರಬಹುದಾಯಿತು. ದೊಡ್ಡ ನಿಲ್ದಾಣಗಳ ಶುಲ್ಕ ದುಬಾರಿಯಾದ್ದರಿಂದ ಹೊಸಬರು ಊರಾಚೆಯ ಖಾಲಿ ರನ್‌ವೇಗಳನ್ನು ಹುಡುಕಿಕೊಂಡು, ಅವುಗಳಿಗೆ ದೂರದ ಮಹಾನಗರದ ಹೆಸರನ್ನು ಅಂಟಿಸಿದರು. ಶೀತಲ ಸಮರದ ಕಾಲದಲ್ಲಿ ಅಮೆರಿಕದ ಯುದ್ಧವಿಮಾನಗಳು ನಿಲ್ಲುತ್ತಿದ್ದ ಹಾನ್, ನೂರಿಪ್ಪತ್ತು ಕಿಲೋಮೀಟರ್ ದೂರದಲ್ಲಿದ್ದುಕೊಂಡೇ ಫ್ರಾಂಕ್‌ಫರ್ಟ್ ಆಯಿತು. ಓಸ್ಲೋದ ಟಿಕೆಟ್ ಕೊಂಡವರು ಸುಮಾರು ಅಷ್ಟೇ ದೂರದ ಟೋರ್ಪ್‌ನಲ್ಲಿ ಇಳಿದರು, ಬಾರ್ಸಿಲೋನಾದ ಟಿಕೆಟ್ ಕೊಂಡವರು ಜಿರೋನಾದಲ್ಲಿ. ನಾವು ಇಳಿದ ಪ್ಯಾರಿಸ್ಸಿನ ಹೆಸರು ಬೋವೆ. ಅಸಲಿ ಪ್ಯಾರಿಸ್ ಅಲ್ಲಿಂದ ಎಂಬತ್ತೈದು ಕಿಲೋಮೀಟರ್ ದಕ್ಷಿಣಕ್ಕಿದೆ. ಇಳಿದವರೆಲ್ಲ ಪ್ಯಾರಿಸ್ಸಿನ ಬಸ್ಸಿಗೆ ಓಡುತ್ತಾರೆ. ಬಸ್ಸಿಗೆ ಕೊಡಬೇಕಾದ ಹಣವನ್ನು ಕಂಡು ಭಾವ ಅವಮಾನಿತರಾದವರಂತೆ ಬಾಡಿಗೆ ಕಾರಿನ ಕೌಂಟರಿನತ್ತ ತಿರುಗಿದರು. 'ಪ್ಯಾರಿಸ್ ಯಾರು ಬೇಕಾದರೂ ನೋಡ್ತಾರೆ ಕಣೋ' ಎಂದರು.

ಆ ಕಾರಿಗೆ ದಿನಕ್ಕೆ ಎಷ್ಟಾಯಿತೆಂದು ನಾನು ಬರೆಯುವುದಿಲ್ಲ. ಭಾವ ಬೇಕಾದಷ್ಟು ಜನರಿಗೆ ಹೇಳಿದ್ದಾರೆ. ಓಡಿಸುವವರ ಹೆಸರಿನಲ್ಲಿಯೇ ಕ್ರೆಡಿಟ್ ಕಾರ್ಡ್ ಇರಬೇಕು, ಅದರಲ್ಲಿ ಬಾಡಿಗೆಯ ಹಲವು ಪಟ್ಟು ಮೊತ್ತವನ್ನು ಕಾರು ಮರಳಿಸುವವರೆಗೆ ತಡೆಹಿಡಿಯುತ್ತಾರೆ. ಗೀರೊಂದು ಬಿದ್ದರೂ ಇಷ್ಟು ಸಾವಿರ ಯೂರೋವರೆಗೆ ಹೊಣೆ ನಿಮ್ಮದು, ಅದು ಬೇಡವಾದರೆ ದಿನಕ್ಕಿಷ್ಟು ಕೊಟ್ಟು ನಮ್ಮ ವಿಮೆ ಮಾಡಿಸಿ ಎಂದು ಕೌಂಟರಿನ ಹುಡುಗಿ ಬಹಳ ಕಾಳಜಿಯಿಂದ ಹೇಳಿದಳು. ಭಾವ ಅಷ್ಟೇ ಸೌಜನ್ಯದಿಂದ ನಿರಾಕರಿಸಿ ಹೊರಗೆ ಬಂದು, ಜಾತ್ರೆಯಲ್ಲಿ ಎತ್ತಿನ ಹಲ್ಲು ಎಣಿಸುವ ರೈತನಂತೆ ಕಾರನ್ನು ಸುತ್ತತೊಡಗಿದರು. ತುಂತುರು ಮಳೆ ಬೀಳುತ್ತಿತ್ತು. ಬಂಪರಿನ ಕೆಳಗೆ ಟಾರ್ಚ್ ಹಿಡಿಯುವುದು ನನ್ನ ಕೆಲಸ, ಚಕ್ರದ ರಿಮ್ಮುಗಳ ಗೀರುಗಳನ್ನು ಒಂದೊಂದಾಗಿ ಫೋಟೋ ತೆಗೆಯುವುದು ಅವರದು. ಹಿಂದಿನ ಬಾಗಿಲಿನಲ್ಲಿ ಒಂದು ನೆಗ್ಗು ಸಿಕ್ಕಾಗ ಅವರಿಗಾದ ಸಂತೋಷವನ್ನು ಮುಂದೆ ಫ್ರಾನ್ಸಿನ ಯಾವ ದೃಶ್ಯದ ಎದುರಿನಲ್ಲೂ ನಾನು ಕಾಣಲಿಲ್ಲ. ಐರ್ಲೆಂಡಿನಲ್ಲಿ ನಮ್ಮಂತೆಯೇ ಎಡಬದಿಯ ಸಂಚಾರ, ಫ್ರಾನ್ಸಿನಲ್ಲಿ ಬಲಬದಿಯದು. ಹೀಗಾಗಿ ನಿಲ್ದಾಣದಿಂದ ಹೊರಬೀಳುವಷ್ಟರಲ್ಲಿ ಗೇರಿಗಾಗಿ ಹುಡುಕಿದ ಅವರ ಎಡಗೈ ಬಾಗಿಲಿಗೆ ಬಡಿಯುತ್ತಿತ್ತು.

ಬೋವೆ ಪಟ್ಟಣ ಅಲ್ಲಿಂದ ಹತ್ತು ನಿಮಿಷದ ದಾರಿ, ಆದರೂ ವಿಮಾನದಿಂದ ಇಳಿದವರಲ್ಲಿ ಅತ್ತ ತಿರುಗಿದವರು ನಾವು ಮಾತ್ರ ಇದ್ದಿರಬೇಕು. ಅಲ್ಲಿನ ಸೇಂಟ್ ಪೀಟರ್ ಕೆಥೆಡ್ರಲ್ಲಿನ ಕಥೆಯನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. 1225ರಲ್ಲಿ ಹಳೆಯ ದೇಗುಲಕ್ಕೆ ಬೆಂಕಿ ಬಿದ್ದ ಮೇಲೆ ಊರಿನ ಬಿಷಪ್, ಕ್ರೈಸ್ತ ಜಗತ್ತಿನಲ್ಲಿಯೇ ಎತ್ತರದ ಚಾವಣಿ ನಮ್ಮದಾಗಲಿ ಎಂದು ಹೊರಟರು. ಪಾದ್ರಿಗಳೂ ಗಾಯಕರೂ ನಿಲ್ಲುವ ಪೂರ್ವದ ಭಾಗ 1272ರ ವೇಳೆಗೆ ಸುಮಾರು 48 ಮೀಟರ್ ಎತ್ತರಕ್ಕೆ ಏರಿತು, ನೆರೆಯ ಅಮಿಯೆನ್ ಊರಿನ ಕೆಥೆಡ್ರಲ್ಲಿನ ಚಾವಣಿಗಿಂತ ಐದಾರು ಮೀಟರ್ ಹೆಚ್ಚು. ಹನ್ನೆರಡು ವರ್ಷಗಳಲ್ಲಿ ಅದರ ಒಂದು ಭಾಗ ಕುಸಿಯಿತು. ಕಂಬಗಳ ನಡುವೆ ಇನ್ನಷ್ಟು ಕಂಬ ನಿಲ್ಲಿಸಿ, ದಶಕಗಟ್ಟಲೆ ದುಡಿದು ಅದನ್ನು ಸರಿಪಡಿಸಿದರು. ಆಮೇಲೆ ನೂರು ವರ್ಷಗಳ ಯುದ್ಧ ಬಂದು ಕೆಲಸ ನಿಂತಿತು. ಹದಿನಾರನೆಯ ಶತಮಾನದಲ್ಲಿ ಶಿಲುಬೆಯಾಕಾರದ ಕಟ್ಟಡದ ಅಡ್ಡ ತೋಳುಗಳನ್ನು ಕಟ್ಟಿದ ಮೇಲೆ ಉಳಿದದ್ದು ಭಕ್ತರು ಕೂರುವ ಮುಖ್ಯ ಭಾಗ. ಯಾವ ಗೃಹಸ್ಥನಾದರೂ ಮೊದಲು ಅದನ್ನು ಮುಗಿಸುತ್ತಿದ್ದ. ಇವರು ಗೋಪುರಕ್ಕೆ ಕೈಹಾಕಿದರು. 1569ರಲ್ಲಿ ಮುಗಿದ ಆ ಗೋಪುರ 153 ಮೀಟರ್ ಎತ್ತರವಿತ್ತು. 1573ರಲ್ಲಿ, ಕ್ರಿಸ್ತನ ಸ್ವರ್ಗಾರೋಹಣದ ಹಬ್ಬದ ದಿನ, ಜನರೆಲ್ಲ ಮೆರವಣಿಗೆಯಲ್ಲಿ ಹೊರಗೆ ಹೋಗಿದ್ದ ಹೊತ್ತಿನಲ್ಲಿ ಅದು ಬಿದ್ದುಹೋಯಿತು. ಅಲ್ಲಿಗೆ ದುಡ್ಡೂ ಮುಗಿಯಿತು. ಮುಖ್ಯ ಭಾಗವನ್ನು ಇಂದಿನವರೆಗೂ ಕಟ್ಟಿಲ್ಲ. ಅದು ಬರಬೇಕಾಗಿದ್ದ ಜಾಗದಲ್ಲಿ, ಕೆಡವಬೇಕೆಂದು ಗುರುತು ಮಾಡಿದ್ದ ಸಾವಿರ ವರ್ಷ ಹಳೆಯ ಪುಟ್ಟ ಇಗರ್ಜಿಯೊಂದು ಯಾವ ಆತಂಕವೂ ಇಲ್ಲದೆ ನಿಂತಿದೆ. 1940ರ ಜೂನ್‌ನಲ್ಲಿ ಜರ್ಮನ್ ಬಾಂಬುಗಳು ಊರಿನ ಬಹುಭಾಗವನ್ನು ಸುಟ್ಟವು, ಈ ಅರೆ ಕೆಥೆಡ್ರಲ್ ಮಾತ್ರ ಬದುಕಿಕೊಂಡಿತು.

ಒಳಗೆ ಹೋದರೆ ಕುತ್ತಿಗೆ ನೋಯುವವರೆಗೂ ಕಣ್ಣು ಮೇಲಕ್ಕೇ ಹೋಗುತ್ತಿರುತ್ತದೆ. ಮತ್ತೆ ಕೆಳಗೆ ನೋಡಿದಾಗ ಕಾಣುವುದು, ಗೋಡೆಗಳು ವಾಲದಿರಲೆಂದು ಅಡ್ಡ ತೋಳಿನಲ್ಲಿ ಕೊಟ್ಟಿರುವ ಭಾರಿ ಮರದ ತೊಲೆಗಳ ಆಸರೆ, ಬೋಲ್ಟು ನಟ್ಟುಗಳ ಸಮೇತ. ಭಕ್ತಿಗಿಂತ ಹೆಚ್ಚಾಗಿ ಹಟದಿಂದ ಕಟ್ಟಿದ ಕಟ್ಟಡವೊಂದು ನನ್ನ ಮನಸ್ಸನ್ನು ಇಷ್ಟು ಹಿಡಿದದ್ದು ಇದೇ ಮೊದಲು. ಹಲವು ನೂರು ವರ್ಷ ಲೆಕ್ಕ ಇಡದೆ ಖರ್ಚು ಮಾಡಿದವರ ಊರಿನಲ್ಲಿ ಇಂದು ಯುರೋಪಿನ ಮಹಾ ಲೆಕ್ಕಿಗರೆಲ್ಲ ಬಂದು ಇಳಿಯುತ್ತಾರೆ, ಇಳಿದು ಬಸ್ಸು ಹತ್ತುತ್ತಾರೆ. 'ಅದ್ಭುತವಾಗಿದೆ, ಅಲ್ಲವೇ ಭಾವ?' ಎಂದೆ. 'ಪ್ರವೇಶ ಉಚಿತ' ಎಂದರು ಭಾವ, ನಿಜವಾದ ಗೌರವದಿಂದ.

ಅಮಿಯೆನ್ನಿನ ಕೆಥೆಡ್ರಲ್ ಹೆಚ್ಚು ಸುಂದರ, ಹೆಚ್ಚು ಪೂರ್ಣ. ಅದರ ಬಗ್ಗೆ ಎಲ್ಲರೂ ಬರೆದಿದ್ದಾರೆ. ರೂಅಂ ಊರಿನಲ್ಲಿ, ಫ್ರೆಂಚರ ವೀರಕನ್ಯೆ ಜೋನ್ ಆಫ್ ಆರ್ಕಳನ್ನು ಸುಟ್ಟ ಚೌಕದಲ್ಲಿ ಪಾರ್ಕಿಂಗ್ ಸಿಗದೆ ಅದನ್ನು ಮೂರು ದಿಕ್ಕುಗಳಿಂದ ಕಾರಿನೊಳಗಿನಿಂದಲೇ ನೋಡಿದೆವು. ಬಲಗಡೆಯ ಸಣ್ಣ ಗಲ್ಲಿಯಿಂದ ಬರುವವನಿಗೆ ಮೊದಲ ಹಕ್ಕು ಎಂಬ ಫ್ರೆಂಚರ ನಿಯಮವನ್ನು ಯಾರು ಮಾಡಿದರೋ, ಅವರಿಗೆ ಕಾರು ಇದ್ದಿರಲಾರದು.

ಅಲ್ಲಿಂದ ಕಡಲಿನ ಕಡೆಗೆ, ಓನ್‌ಫ್ಲರ್ ಎಂಬ ಹಳೆಯ ಬಂದರು ಪಟ್ಟಣಕ್ಕೆ, ಎ-13 ಹೆದ್ದಾರಿಯಲ್ಲಿ ಹೋದೆವು. ಆ ದಾರಿಯಲ್ಲಿ ಈಗ ಟೋಲ್ ಗೇಟುಗಳಿಲ್ಲ. ಕಂಬದ ಮೇಲಿನ ಕ್ಯಾಮೆರಾಗಳು ನಂಬರ್ ಪ್ಲೇಟನ್ನು ಓದಿಕೊಳ್ಳುತ್ತವೆ, 72 ಗಂಟೆಯೊಳಗೆ ನಾವೇ ಆನ್‌ಲೈನಿನಲ್ಲಿ ಹಣ ಕಟ್ಟಬೇಕು. ಕಟ್ಟದಿದ್ದರೆ ನೋಟಿಸ್ ಕಾರಿನ ಕಂಪನಿಗೆ ಹೋಗುತ್ತದೆ, ನಮ್ಮ ವಿಳಾಸ ಕೊಟ್ಟ ಶ್ರಮಕ್ಕೆಂದು ಕಂಪನಿ ಬೇರೆ ಶುಲ್ಕ ಹಾಕುತ್ತದೆ. ಬಂದರಿನ ಸುತ್ತಲಿನ ಕಿರಿದಾದ, ಎತ್ತರದ ಮನೆಗಳು ನೀರಿನಲ್ಲಿ ಬಣ್ಣ ಬಿಡುತ್ತಿದ್ದ ಸಂಜೆಯ ಹೊತ್ತಿನಲ್ಲಿ ನಾವು ಮೂವರೂ ಭಾವನ ಮೊಬೈಲಿನ ಮೇಲೆ ಬಗ್ಗಿ ಕುಳಿತಿದ್ದೆವು. ಕೆಲವೇ ಯೂರೋಗಳ ಬಾಬತ್ತು, ಆದರೆ ಅದನ್ನು ಕಟ್ಟಲು ಕಾರಿನ ನಂಬರ್ ಬೇಕು. ಬಾಡಿಗೆಯ ಕಾಗದ ಕಾರಿನೊಳಗಿತ್ತು. 'ಫೋಟೋಗಳಿವೆಯಲ್ಲ' ಎಂದರು ಭಾವ. ಬೆರಳಿನಿಂದ ಒಂದೊಂದಾಗಿ ಸರಿಸಿದರು: ರಿಮ್ಮಿನ ಗೀರು, ಕನ್ನಡಿಯ ಗೀರು, ಬಂಪರಿನ ತಳ, ಹಿಂದಿನ ಬಾಗಿಲಿನ ನೆಗ್ಗು ನಾಲ್ಕು ಕೋನಗಳಿಂದ. ಪ್ಲೇಟಿನ ಮೇಲೆ ಗೀರು ಇರಲಿಲ್ಲವಾದ್ದರಿಂದ ಅದರ ಫೋಟೋ ಯಾರೂ ತೆಗೆದಿರಲಿಲ್ಲ. ನೋಡಿಕೊಂಡು ಬರಲು ನನ್ನನ್ನೇ ಕಳಿಸಿದರು. ಬಂದರಿನ ಪಕ್ಕದ ಪಾರ್ಕಿಂಗಿಗೆ ಗಂಟೆಗಿಷ್ಟು ಎಂದು ಹಣ ಕೊಡಬೇಕಾಗಿದ್ದರಿಂದ ಕಾರನ್ನು ಊರಾಚೆಯ ಗುಡ್ಡದ ಮೇಲೆ ನಿಲ್ಲಿಸಿದ್ದೆವು.