ಗಂಭೀರ ಸ್ಥಿತಿಯ ತಾಯಿಗೆ ಅಂಕ ಹಾಕಬೇಕೇ?

ಪರ: ಜಿಲ್ಲಾ ಕೇಂದ್ರದ ಅರಿವಳಿಕೆ ವೈದ್ಯ

"ಸರ್, ಪೇಷೆಂಟ್ ಸೀರಿಯಸ್ಸು, ಕಳಿಸ್ತಾ ಇದೀವಿ." ರಾತ್ರಿ ಎರಡು ಗಂಟೆಗೆ ಬರುವ ಫೋನು ಇಷ್ಟೇ. ಪಾವಗಡದಿಂದ ಮಧುಗಿರಿ, ಕೊರಟಗೆರೆ ದಾಟಿ ತುಮಕೂರಿಗೆ ಬರಲು ಸುಮಾರು 100 ಕಿಲೋಮೀಟರ್. ಆಂಬುಲೆನ್ಸ್ ಬರುವಷ್ಟರಲ್ಲಿ ನಾನು ಏನನ್ನು ತಯಾರಿಟ್ಟುಕೊಳ್ಳಲಿ? ರಕ್ತವನ್ನೋ, ವೆಂಟಿಲೇಟರನ್ನೋ? 'ಸೀರಿಯಸ್ಸು' ಅಂದರೆ ಅದು ಗೊತ್ತಾಗುವುದಿಲ್ಲ. ತಾಯಿಯ ಸ್ಥಿತಿ ಎಷ್ಟು ಕೆಟ್ಟಿದೆ ಅನ್ನುವುದಕ್ಕೆ ಒಂದು ಅಂಕ ಬೇಕು.

ಅದೇ "ನಾಡಿ 120, ಮೇಲಿನ ಬಿಪಿ 100" ಅನ್ನಿ. ನಾಡಿಯನ್ನು ಬಿಪಿಯಿಂದ ಭಾಗಿಸಿದರೆ 1.2. ಹೆರಿಗೆಯ ರಕ್ತಸ್ರಾವದಲ್ಲಿ ಇದು 0.9 ಮುಟ್ಟಿದರೇ ಎಚ್ಚರ ಬೇಕು. ಬಿಪಿ ಒಂದನ್ನೇ ನೋಡಿದವರು "ನೂರಿದೆಯಲ್ಲ" ಅಂತ ಸುಮ್ಮನಿರುತ್ತಾರೆ. ತುಂಬು ಬಸುರಿಯ ಮೈಯಲ್ಲಿ ರಕ್ತ ಶೇ. 40-50ರಷ್ಟು ಜಾಸ್ತಿ ಇರುತ್ತದೆ. ಹಾಗಾಗಿ ಒಂದು ಲೀಟರ್ ಹರಿದುಹೋದರೂ ಬಿಪಿ ತಕ್ಷಣ ಕುಸಿಯದೆ ಇರಬಹುದು. ಕುಸಿದ ಮೇಲೆ ಬಂದರೆ ಬೆನ್ನಿಗೆ ಇಂಜೆಕ್ಷನ್ ಕೊಡುವ ಮಾತು ಮುಗಿಯಿತು. ಪೂರ್ತಿ ಪ್ರಜ್ಞೆ ತಪ್ಪಿಸಬೇಕು, ಅದೂ ಕೈ ನಡುಗುತ್ತಾ.

ಇದಕ್ಕೆ ದೊಡ್ಡ ಯಂತ್ರ ಬೇಡ. ಹೆರಿಗೆ ವಾರ್ಡಿನ ಎಚ್ಚರಿಕೆ ಚಾರ್ಟು ಒಂದು ಹಾಳೆ. ಉಸಿರು, ನಾಡಿ, ಬಿಪಿ, ಜ್ವರ, ಪ್ರಜ್ಞೆ ಬರೆಯುತ್ತಾ ಹೋದರೆ ಒಂದು ಅಂಕಿ ಕೆಂಪು (ಅಪಾಯ) ಪಟ್ಟಿಗೆ ಅಥವಾ ಎರಡು ಅಂಕಿ ಹಳದಿ (ಎಚ್ಚರ) ಪಟ್ಟಿಗೆ ಬಿದ್ದ ಕೂಡಲೇ ದೊಡ್ಡ ಡಾಕ್ಟರನ್ನು ಕರೆಯಬೇಕು. ಹೊಸದಾಗಿ ಸೇರಿದ ಸ್ಟಾಫ್ ನರ್ಸ್ ಕೂಡ ಧೈರ್ಯವಾಗಿ ಕರೆಯಬಹುದು. "ಸುಮ್ನೆ ಯಾಕೆ ಎಬ್ಬಿಸಿದೆ" ಅಂತ ಬೈಯೋ ಹಾಗಿಲ್ಲ, ಹಾಳೆಯೇ ಹೇಳುತ್ತಿದೆಯಲ್ಲ.

ಇನ್ನೊಂದು ಮಾತು. ಹುಟ್ಟಿದ ಒಂದೇ ನಿಮಿಷಕ್ಕೆ ಮಗುವಿಗೆ ಹತ್ತಕ್ಕೆ ಇಷ್ಟು ಅಂತ ಅಂಕ ಹಾಕುತ್ತೇವೆ. ಅದನ್ನು 1952ರಲ್ಲಿ ರೂಪಿಸಿದ ವರ್ಜೀನಿಯಾ ಅಪ್ಗಾರ್ ನಮ್ಮ ಹಾಗೇ ಅರಿವಳಿಕೆ ವೈದ್ಯೆ. ಮಗುವಿಗೆ ಅಂಕ ಬೇಕು, ತಾಯಿಗೆ ಬೇಡವಾ?

ವಿರೋಧ: ತಾಲ್ಲೂಕಿನ ಹೆರಿಗೆ ವೈದ್ಯೆ

ಆ ಫೋನು ಮಾಡುವವಳು ನಾನೇ. ನಾಡಿ-ಬಿಪಿ ಲೆಕ್ಕಕ್ಕೆ ನನ್ನ ತಕರಾರಿಲ್ಲ, ನಾಳೆಯಿಂದಲೇ ಹೇಳುತ್ತೇನೆ. ಅದು 'ಈಗ ಏನು ಮಾಡಬೇಕು' ಅನ್ನುತ್ತದೆ. ಅಪ್ಗಾರ್ ಅಂಕವೂ ಅಷ್ಟೇ. ಮಗು ಮುಂದೆ ಹೇಗೆ ಬೆಳೆಯುತ್ತದೆ ಅಂತ ಹೇಳುವುದು ಅದರ ಕೆಲಸವಲ್ಲ. ಆದರೆ ಐಸಿಯುವಿನಲ್ಲಿ 'ಬದುಕುತ್ತಾಳಾ' ಅನ್ನುವುದಕ್ಕೇ ಅಂಕ ಹಾಕುತ್ತಾರಲ್ಲ, ಅದು ನನಗೆ ಒಪ್ಪಿಗೆಯಿಲ್ಲ.

1985ರ ಅಪಾಚೆ-2 ತೆಗೆದುಕೊಳ್ಳಿ. ಐಸಿಯುಗೆ ಬಂದ ಎಲ್ಲ ಬಗೆಯ ದೊಡ್ಡವರಿಗಾಗಿ ಮಾಡಿದ ಲೆಕ್ಕ ಅದು; ಅಂಕ ಹೆಚ್ಚಿದಷ್ಟೂ ಸಾವಿನ ಅಪಾಯ ಹೆಚ್ಚು. ಬಿಳಿ ರಕ್ತಕಣ 15,000 ಮುಟ್ಟಿದರೆ ಒಂದು ಅಂಕ. ಹೆರಿಗೆ ನೋವಿನಲ್ಲಿರುವ ಆರೋಗ್ಯವಂತ ಹೆಂಗಸಿಗೂ 18,000 ಇರಬಹುದು! ಬಸುರಿಯರ ನಾಡಿ ಮೊದಲೇ ಜೋರು. ಹೀಗಾಗಿ ಈ ಲೆಕ್ಕ ಬಾಣಂತಿಯರ ವಿಷಯದಲ್ಲಿ ಸಾವನ್ನು ಜಾಸ್ತಿ ಹೇಳುತ್ತದೆ. ಅಂಗಾಂಗಗಳು ಎಷ್ಟು ಕೆಟ್ಟಿವೆ ಅಂತ ಅಳೆಯುವ ಸೋಫಾ ಅಂಕದ ಎಡವಟ್ಟು ಇದಕ್ಕೆ ತದ್ವಿರುದ್ಧ. ಅದರಲ್ಲಿ ಕ್ರಿಯಾಟಿನಿನ್ 1.1 ಇದ್ದರೆ ಸೊನ್ನೆ, ಅಂದರೆ ಕಿಡ್ನಿ ಚೆನ್ನಾಗಿದೆ ಅಂತ. ಬಸುರಿಗೆ ಅದು ಸಾಮಾನ್ಯವಾಗಿ 0.4ರಿಂದ 0.8 ಇರಬೇಕು. ಒಂದು ಅಂಕ ಸುಮ್ನೆ ಹೆದರಿಸುತ್ತದೆ, ಇನ್ನೊಂದು ಸುಮ್ನೆ ಸಮಾಧಾನ ಮಾಡುತ್ತದೆ. ಸೋಫಾವನ್ನು ಬಸುರಿಯರಿಗೆ ತಕ್ಕಂತೆ ತಿದ್ದಿದ್ದಾರೆ ನಿಜ. ಬಿಪಿ ಏರಿದ ಬಸುರಿಯರಿಗೇ ಅಂತ ಮಾಡಿದ ಲೆಕ್ಕವೂ ಇದೆ, ಮುಂದಿನ 48 ಗಂಟೆಯ ಅಪಾಯ ಹೇಳುತ್ತದೆ. ಆದರೆ ಅದಕ್ಕೆ ಪ್ಲೇಟ್‌ಲೆಟ್, ಕ್ರಿಯಾಟಿನಿನ್, ಲಿವರ್ ಪರೀಕ್ಷೆ ಬೇಕು. ನಮ್ಮಲ್ಲಿ ಸಂಜೆ ಆದ ಮೇಲೆ ಲ್ಯಾಬಿಗೆ ಬೀಗ.

ಬಾಣಂತಿಯ ಕಾಯಿಲೆಯ ಬಗೆಯೇ ಬೇರೆ. ಬಿಪಿ ಏರಿ ಫಿಟ್ಸ್ ಬಂದು ಪ್ರಜ್ಞೆ ತಪ್ಪಿದವಳ ಪ್ಲೇಟ್‌ಲೆಟ್ 60,000ಕ್ಕೆ ಇಳಿದಿರಬಹುದು. ಮಗು, ಮಾಸು ಹೊರಗೆ ಬಂದ ಮೇಲೆ, ಎಷ್ಟೋ ಸಲ ಮೂರ್ನಾಲ್ಕು ದಿನದಲ್ಲಿ ತಾನೇ ಏರುತ್ತದೆ. ಮೊದಲ 24 ಗಂಟೆಯ ಅತಿ ಕೆಟ್ಟ ಅಂಕಿಗಳನ್ನೇ ಹಿಡಿದು ಕೂರುವ ಲೆಕ್ಕಕ್ಕೆ ಇದು ಹೇಗೆ ಗೊತ್ತಾಗಬೇಕು?

ನಾನು ಕಳಿಸಿದ ಒಬ್ಬ ಹುಡುಗಿಯ ವಿಷಯ ಹೀಗೇ ಆಯಿತು. ಐಸಿಯು ಬಾಗಿಲಲ್ಲಿ ಯಾರೋ ಅವಳ ಅತ್ತೆಗೆ ಅವಳು ಬದುಕುವ ಸಾಧ್ಯತೆಯನ್ನು ಪರ್ಸೆಂಟ್ ಲೆಕ್ಕದಲ್ಲಿ ಹೇಳಿಬಿಟ್ಟಿದ್ದರು. ಅತ್ತೆ ಊರಿಗೆ ಫೋನ್ ಮಾಡಿ ಎಲ್ಲರನ್ನೂ ಕರೆಸಿದರು. ನಾಲ್ಕನೇ ದಿನ ಅವಳು ಕಣ್ಣು ಬಿಟ್ಟು, ಮಗು ಎಲ್ಲಿ ಅಂದಳಂತೆ. ಟೆಂಪೋ ಮಾಡಿಕೊಂಡು ಬಂದ ನೆಂಟರು ಇನ್ನೂ ಆಸ್ಪತ್ರೆ ಮುಂದಿನ ಹೊಂಗೆಮರದ ಕೆಳಗೇ ಕೂತಿದ್ದರಂತೆ.