ಗೀಟಿಗಿಂತ ಒಂದು ಬೆರಳು ಕಮ್ಮಿ

ಕಳೆದ ಬೇಸಿಗೆ ರಜೆಯಲ್ಲಿ ತಮ್ಮನ ಮಗಳು, ತಂಗಿಯ ಮಗ ಇಬ್ಬರನ್ನೂ ಕಟ್ಟಿಕೊಂಡು ಊರ ಹೊರಗಿನ ಒಂದು ಪಾರ್ಕಿಗೆ ಹೋಗಿದ್ದೆವು. ಇಬ್ಬರಿಗೂ ಹನ್ನೊಂದು ವರ್ಷ. ಹದಿನೆಂಟು ದಿನಕ್ಕೆ ಹುಡುಗನೇ ದೊಡ್ಡವನು. ಟಿಕೆಟ್ ಕೌಂಟರಿನ ಪಕ್ಕದ ಗೋಡೆಯ ಮೇಲೆ ಒಂದು ಜಿರಾಫೆ ಬರೆದಿದ್ದರು. ಅದರ ಕತ್ತಿನ ಹತ್ತಿರ, 140 ಸೆಂಟಿಮೀಟರಿಗೆ, ಒಂದು ಕೆಂಪು ಗೀಟು. ತಲೆ ಗೀಟಿನ ಕೆಳಗಿದ್ದರೆ ಮಗು, ಮೇಲಿದ್ದರೆ ದೊಡ್ಡವರು. ವಯಸ್ಸು ಯಾರೂ ಕೇಳಲೇ ಇಲ್ಲ.

ಹುಡುಗಿ ಗೀಟು ದಾಟಿ ಮೂರು ಬೆರಳು ಮೇಲಿದ್ದಳು. ಹುಡುಗ ಒಂದು ಬೆರಳು ಕೆಳಗಿದ್ದ.

"ಅಕ್ಕ, ಇವಳು ಅವನಿಗಿಂತ ಚಿಕ್ಕವಳು ಕಣೇ" ಅಂದ ತಮ್ಮ, ನಾನೇ ಪಾರ್ಕಿನ ಮಾಲೀಕಳು ಅನ್ನೋ ಹಾಗೆ. ತಂಗಿಯ ಗಂಡ ಏನೂ ಮಾತಾಡಲಿಲ್ಲ. ಸುಮ್ನೆ ಪರ್ಸ್ ತೆಗೆದರು. ಆದರೆ ಆ ಪರ್ಸ್ ತೆಗೆದ ರೀತಿಯಲ್ಲೇ ಏನೋ ಗೆದ್ದ ಕಳೆ ಇತ್ತು. ಮಕ್ಕಳ ಮುಖದಲ್ಲಿ ಮಾತ್ರ ಲೆಕ್ಕ ಉಲ್ಟಾ ಆಗಿತ್ತು. ಹುಡುಗಿ ತನ್ನ ದೊಡ್ಡವರ ಟಿಕೆಟ್ಟನ್ನು ಪದಕದ ಹಾಗೆ ಹಿಡಿದುಕೊಂಡಿದ್ದಳು. ಹುಡುಗ ಜಿರಾಫೆಯನ್ನು ದುರುಗುಟ್ಟಿ ನೋಡುತ್ತಿದ್ದ.

ನನಗೆ ನಮ್ಮ ಕಾಲದ ಹಾಫ್ ಟಿಕೆಟ್ ನೆನಪಾಯಿತು. ಸರ್ಕಾರಿ ಬಸ್ಸಿನಲ್ಲಿ ಆರು ತುಂಬುವವರೆಗೆ ಟಿಕೆಟ್ ಇಲ್ಲ, ಹನ್ನೆರಡರವರೆಗೆ ಅರ್ಧ. ನಮ್ಮಮ್ಮ ಸುಳ್ಳು ಹೇಳುವವಳಲ್ಲ. ಕಂಡಕ್ಟರ್ ನನ್ನ ಕಡೆ ಕೈ ತೋರಿಸಿ "ಮಗೂಗೆ ಎಷ್ಟಮ್ಮ ವಯಸ್ಸು?" ಅಂದರೆ, "ಈ ವರ್ಷ ಸ್ಕೂಲಿಗೆ ಸೇರಿಸ್ಬೇಕು" ಅನ್ನುತ್ತಿದ್ದಳು. ಮಾತು ನಿಜವೇ. ಸೇರಿಸಬೇಕಾಗಿದ್ದು ಮಡಿಲಲ್ಲಿ ನಿದ್ದೆ ಹೊಡೆಯುತ್ತಿದ್ದ ನನ್ನ ತಮ್ಮನನ್ನು. ನಾನು ಆಗಲೇ ಎರಡನೇ ಕ್ಲಾಸು. ಹತ್ತುವ ಮೊದಲೇ ನನಗೆ ಅಪ್ಪಣೆ ಆಗಿರುತ್ತಿತ್ತು: ಕಾಲು ಮಡಚಿಕೊಂಡು ಕೂತ್ಕೋ, ಬೋರ್ಡುಗಳನ್ನ ಜೋರಾಗಿ ಓದಬೇಡ. ಓದು ಬರುವ ಮಗುವಿಗೆ ಆರು ತುಂಬಿಲ್ಲ ಅಂದರೆ ಯಾರು ನಂಬುತ್ತಾರೆ? ಅರಸೀಕೆರೆಯಲ್ಲಿ ಬಸ್ ಇಳಿದು ರೈಲು ಹತ್ತಿದರೆ ಇನ್ನೊಂದು ತಾಪತ್ರಯ. ರೈಲಿನಲ್ಲಿ ಐದಕ್ಕೇ ಪುಕ್ಕಟೆ ಪ್ರಯಾಣ ಮುಗಿಯುತ್ತದೆ. ಹಾಗಾಗಿ ಸ್ಟೇಷನ್ ರಸ್ತೆಯಲ್ಲಿ ನಡೆಯುವಷ್ಟರಲ್ಲಿ ನಾನು ಇನ್ನೊಂದು ವರ್ಷ ಕಿರಿಯಳಾಗಬೇಕಿತ್ತು. ಈಗಂತೂ ರೈಲಿನವರು ಇನ್ನೂ ಮುಂದೆ ಹೋಗಿದ್ದಾರೆ. 2016ರ ಏಪ್ರಿಲ್ 21ರಿಂದ, ಐದರಿಂದ ಹನ್ನೆರಡರೊಳಗಿನ ಮಗುವಿಗೆ ಪ್ರತ್ಯೇಕ ಬರ್ತ್ ಬೇಡ ಅಂದರೆ ಅರ್ಧ ಚಾರ್ಜು, ಬೇಕು ಅಂದರೆ ಪೂರ್ತಿ. ಅಮ್ಮನ ಪಕ್ಕ ಮುದುಡಿಕೊಂಡರೆ ಮಗು, ಕಾಲು ಚಾಚಿದರೆ ದೊಡ್ಡವರು!

ವಯಸ್ಸನ್ನು ನಂಬಿ ಟಿಕೆಟ್ ಕೊಡುವುದು ನಮ್ಮಲ್ಲಿ ಕಷ್ಟವೇ ಬಿಡಿ. ಜನನ ಪತ್ರ ಇಲ್ಲದ ಕಾಲದಲ್ಲಿ ಹಳ್ಳಿ ಶಾಲೆಯ ಮೇಷ್ಟ್ರು ಮಗುವಿಗೆ ಒಂದೇ ಪರೀಕ್ಷೆ ಇಡುತ್ತಿದ್ದರು. ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟು. ಮುಟ್ಟಿದರೆ ಸೇರಿಸಿಕೋ, ಇಲ್ಲದಿದ್ದರೆ ಮುಂದಿನ ವರ್ಷ ಬಾ. ಸಣ್ಣ ಮಕ್ಕಳಿಗೆ ಮೈ ಅಳತೆಗೆ ತಲೆ ದೊಡ್ಡದು, ಕೈ ಗಿಡ್ಡ. ಆರರ ಆಸುಪಾಸಿಗೆ ಬೆರಳು ಕಿವಿಗೆ ಎಟಕುತ್ತದೆ. ಎಟಕಿದ ಮೇಲೆ ಮೇಷ್ಟ್ರು ರಿಜಿಸ್ಟರಿನಲ್ಲಿ ಹುಟ್ಟಿದ ದಿನ ಜೂನ್ 1 ಅಂತ ಬರೆದುಬಿಡುತ್ತಿದ್ದರು. ನಮ್ಮ ದೊಡ್ಡಪ್ಪ, ಅವರ ತಮ್ಮಂದಿರು, ಅವರ ಸ್ನೇಹಿತರು, ಆಧಾರ್ ಕಾರ್ಡ್ ಪ್ರಕಾರ ಎಲ್ಲರೂ ಜೂನ್ 1ರಂದೇ ಹುಟ್ಟಿದವರು. ಇಂಥ ನಾಡಿನಲ್ಲಿ ವಯಸ್ಸಿನ ಗೊಡವೆಗೆ ಹೋಗದೆ ಗೋಡೆಗೆ ಗೀಟು ಹಾಕಿದವರು ಜಾಣರು ಅನ್ನಿಸುತ್ತದೆ.

ಬಿಡದಿಯ ವಂಡರ್‌ಲಾದಲ್ಲೂ ಎತ್ತರದ ಲೆಕ್ಕವೇ. 85 ಸೆಂಟಿಮೀಟರ್ ಒಳಗಿದ್ದರೆ ಟಿಕೆಟ್ ಬೇಡ, ಅಲ್ಲಿಂದ 140ರವರೆಗೆ ಮಕ್ಕಳ ಟಿಕೆಟ್, ಆಮೇಲೆ ಪೂರ್ತಿ. 85 ಅಂದರೆ ಹೆಚ್ಚು ಕಡಿಮೆ ಎರಡು ವರ್ಷದ ಕೂಸು. 140 ಅಂದರೆ ಹತ್ತು ದಾಟಿದ ಮಗು. ಇದರಲ್ಲಿ ಒಂದು ಅನುಕೂಲ ಇದೆ. ಉಯ್ಯಾಲೆಯಂಥ ಯಂತ್ರಕ್ಕೆ, ರೋಲರ್ ಕೋಸ್ಟರಿಗೆ ವಯಸ್ಸು ಗೊತ್ತಾಗುವುದಿಲ್ಲ. ಎದೆಗೆ, ತೊಡೆಗೆ ಅಡ್ಡ ಬರುವ ಸರಳು ಮೈಗೆ ಸರಿಯಾಗಿ ಕೂರುತ್ತದಾ ಇಲ್ಲವಾ, ಅಷ್ಟೇ ಅದಕ್ಕೆ ಬೇಕಾದ ವಿಷಯ.

ಆದರೆ ಎತ್ತರದ ಲೆಕ್ಕದಲ್ಲಿ ಒಂದು ಸಣ್ಣ ಅನ್ಯಾಯ ಅಡಗಿದೆ. ಹೆಣ್ಣುಮಕ್ಕಳು ಬೇಗ ಉದ್ದ ಆಗುತ್ತಾರೆ. ಹತ್ತು, ಹನ್ನೊಂದರ ಹೊತ್ತಿಗೆ ಅದೇ ವಯಸ್ಸಿನ ಹುಡುಗರಿಗಿಂತ ಸಾಮಾನ್ಯವಾಗಿ ಅವರದೇ ಒಂದು ಕೈ ಮೇಲು. ಹುಡುಗರು ಚಿಗುರುವುದು ಅದಾಗಿ ಎರಡು ವರ್ಷಕ್ಕೆ. ಹಾಗಾಗಿ ಗೀಟನ್ನು ಮೊದಲು ದಾಟುವವಳು ಹುಡುಗಿ, ಪೂರ್ತಿ ದುಡ್ಡು ಮೊದಲು ಕೊಡುವವನು ಹುಡುಗಿಯ ಅಪ್ಪ. ಇದನ್ನು ತಮ್ಮನಿಗೆ ಹೇಳಿದೆ. ಅವನಿಗೆ ಸಮಾಧಾನ ಆಗಲಿಲ್ಲ. ಚೀನಾದವರ ಕತೆಯನ್ನೂ ಹೇಳಿದೆ. ಅಲ್ಲಿ ರೈಲಿನಲ್ಲಿ ಮಕ್ಕಳ ಟಿಕೆಟ್ಟಿಗೆ ಬಹಳ ಕಾಲ ಎತ್ತರವನ್ನೇ ನೋಡುತ್ತಿದ್ದರು. 1.2 ಮೀಟರ್ ದಾಟಿದರೆ ಟಿಕೆಟ್ ಕೊಳ್ಳಬೇಕು. ಉದ್ದದ ಮಕ್ಕಳಿಗೆ ಇದು ದಂಡ ಹಾಕಿದ ಹಾಗಾಗುತ್ತೆ ಅಂತ ಮಾತು ಬಂದು, 2023ರ ಜನವರಿ 1ರಿಂದ ವಯಸ್ಸಿನ ಲೆಕ್ಕ ತಂದರು. "ನಿನ್ನ ಕಡೆ ಇಡೀ ಚೀನಾ ಇದೆ" ಅಂದೆ. "ಕೌಂಟರ್ ಕಡೆ ಯಾರಿದಾರೆ ನೋಡು" ಅಂದ.

ಅಮೆರಿಕದ ಡಿಸ್ನಿ ಪಾರ್ಕುಗಳಲ್ಲಿ ಇಂಥ ಜಗಳ ಇಲ್ಲ. ಮೂರರೊಳಗೆ ಪುಕ್ಕಟೆ, ಮೂರರಿಂದ ಒಂಬತ್ತರವರೆಗೆ ಮಗು, ಹತ್ತು ತುಂಬಿತೋ ದೊಡ್ಡವರು. ಇಪ್ಪತ್ತೊಂದಾಗುವವರೆಗೆ ಬಿಯರ್ ಕೊಡದ ದೇಶದಲ್ಲಿ ಹತ್ತಕ್ಕೇ ದೊಡ್ಡವರಾಗುವ ಜಾಗ ಅದೊಂದೇ ಇರಬೇಕು. 1955ರಲ್ಲಿ ಡಿಸ್ನಿಲ್ಯಾಂಡ್ ತೆರೆದಾಗ ಬಾಗಿಲಲ್ಲಿ ದೊಡ್ಡವರಿಗೆ ಒಂದು ಡಾಲರ್, ಮಕ್ಕಳಿಗೆ ಐವತ್ತು ಸೆಂಟ್. ಅದು ಅಪ್ಪಟ ಹಾಫ್ ಟಿಕೆಟ್. ಈಗ ಅಲ್ಲಿ ಮಗುವಿನ ಟಿಕೆಟ್ಟಿಗೂ ದೊಡ್ಡವರ ಟಿಕೆಟ್ಟಿಗೂ ಇರುವ ವ್ಯತ್ಯಾಸಕ್ಕೆ ವಯಸ್ಸು ಮುಚ್ಚಿಡುವ ಶ್ರಮವೂ ದಂಡ. ನನಗೆ ಇಷ್ಟವಾಗಿದ್ದು ಟೋಕಿಯೋ ಡಿಸ್ನಿಯವರ ಲೆಕ್ಕ. ಜಪಾನಿ ಅಕ್ಷರಗಳಲ್ಲಿ ಅಲ್ಲಿ ಮೂರು ಬಗೆಯ ಟಿಕೆಟ್ ಇದೆ. ನಾಲ್ಕರಿಂದ ಹನ್ನೊಂದರವರೆಗೆ 'ಸಣ್ಣ ಜನ', ಹದಿನೆಂಟರಿಂದ ಮೇಲೆ 'ದೊಡ್ಡ ಜನ', ನಡುವಿನ ಹನ್ನೆರಡರಿಂದ ಹದಿನೇಳಕ್ಕೆ 'ನಡುವಿನ ಜನ'. ಆ ವಯಸ್ಸಿನವರನ್ನು ಮನೆಯಲ್ಲಿ ಸಾಕಿದವರಿಗೆ ಗೊತ್ತು, ಇದಕ್ಕಿಂತ ಸರಿಯಾದ ಹೆಸರು ಸಿಗುವುದಿಲ್ಲ.

ಒಳಗೆ ಹೋದೆವು. ನೀರಿನ ಆಟ ಮುಗಿಯಿತು, ಮಧ್ಯಾಹ್ನದ ಊಟ ಆಯಿತು. ಆಮೇಲೆ ದೊಡ್ಡ ರೈಡಿನ ಬಾಗಿಲಿಗೆ ಬಂದರೆ ಅಲ್ಲೂ ಒಂದು ಕೋಲು. ಅಲ್ಲೂ 140. ಬೆಳಗ್ಗೆ ಕೌಂಟರಿನಲ್ಲಿ "ನೆಟ್ಟಗೆ ನಿಲ್ಬೇಡ್ವೋ" ಅಂತ ಮಗನ ಹೆಗಲು ಒತ್ತಿದ್ದ ನನ್ನ ತಂಗಿ, ಈಗ "ನೆಟ್ಟಗೆ ನಿಂತ್ಕೊಳೋ, ಕತ್ತು ಎತ್ತು" ಅಂತ ಗದ್ದ ಹಿಡಿದು ಮೇಲೆತ್ತಿದಳು. ಕೂದಲು ಗೀಟಿಗೆ ತಾಗಿತು. ಕೋಲು ಹಿಡಿದಿದ್ದ ಕೆಲಸದವನು ಕೂದಲು ಒತ್ತಿ ನೋಡಿ ಆಗಲ್ಲ ಅಂತ ತಲೆ ಆಡಿಸಿದ. ಹುಡುಗಿ ಟಕ್ಕಂತ ಒಳಗೆ ಹೋದಳು.

ಪಕ್ಕದಲ್ಲಿ ಬಂದು ನಿಂತ ಹುಡುಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ: "ದೊಡ್ಡಮ್ಮ, ಮಿಕ್ಕಿದ್ದ ದುಡ್ಡು ಈಗ ಕೊಟ್ಟುಬಿಟ್ರೆ ನಾನು ದೊಡ್ಡವನಾಗಲ್ವಾ?"

ನಾನು ಅವನಿಗೆ ಐಸ್‌ಕ್ರೀಮ್ ಕೊಡಿಸಿದೆ. ಜೊತೆಗೆ ಒಂದು ನಿಜವನ್ನೂ ಹೇಳೋಣ ಅಂದುಕೊಂಡು ಬಾಯಿ ಮುಚ್ಚಿಕೊಂಡೆ. ಮನುಷ್ಯ ಅತಿ ಎತ್ತರ ಇರುವುದು ಹಾಸಿಗೆಯಿಂದ ಎದ್ದಾಗ. ದಿನವಿಡೀ ನಿಂತು, ಕೂತು, ಬೆನ್ನುಮೂಳೆಯ ನಡುವಿನ ಮೆತ್ತೆಗಳು ಒತ್ತಿಕೊಂಡು, ಸಂಜೆಗೆ ಹತ್ತಿರ ಹತ್ತಿರ ಒಂದು ಸೆಂಟಿಮೀಟರ್ ಕುಗ್ಗಿರುತ್ತಾನೆ. ಟಿಕೆಟ್ ತಗೊಳ್ಳುವ ಬೆಳಗಿನ ಹೊತ್ತಿಗೆ ಮಕ್ಕಳು ಉದ್ದ, ರೈಡ್ ಹತ್ತುವ ಮಧ್ಯಾಹ್ನದ ಹೊತ್ತಿಗೆ ಗಿಡ್ಡ. ಪಾರ್ಕಿನವರು ಇದನ್ನು ಯೋಚಿಸಿ ಮಾಡಿದ್ದಲ್ಲ. ಆದರೆ ಲೆಕ್ಕ ಎರಡೂ ಕಡೆ ನಮಗೇ ಹೊಡೆಯುತ್ತದೆ, ಅಲ್ವಾ?

ಸಂಜೆ ಹೊರಗೆ ಬರುವಾಗ ಹುಡುಗ ಎಲ್ಲರನ್ನೂ ಬಿಟ್ಟು ಓಡಿಹೋಗಿ ಮತ್ತೆ ಆ ಜಿರಾಫೆಗೆ ಬೆನ್ನು ಕೊಟ್ಟು ನಿಂತ. ಕೌಂಟರ್ ಮುಚ್ಚಿತ್ತು. ಬಾಗಿಲಲ್ಲಿ ಕೂತಿದ್ದ ವಯಸ್ಸಾದ ಸೆಕ್ಯೂರಿಟಿಯವರು ಎದ್ದು ಬಂದರು. ಅವನ ತಲೆಯ ಮೇಲೆ ಅಂಗೈ ಇಟ್ಟರು. ಅಂಗೈ ಗೋಡೆಗೆ ಹೋಗುವಷ್ಟರಲ್ಲಿ ಚೂರು ಮೇಲಕ್ಕೆ ವಾಲಿದ್ದು ನನಗೆ ಚೆನ್ನಾಗಿ ಕಂಡಿತು.

"ನೂರಾ ನಲವತ್ತೊಂದು" ಅಂದರು ಅವರು. "ಬೆಳಗ್ಗೆ ಯಾರೋ ಸರಿಯಾಗಿ ನೋಡಿಲ್ಲ ಮರಿ."

ಹುಡುಗ ನಮ್ಮ ಕಡೆ ತಿರುಗಿದ. ಅವನು ಏನಾದರೂ ಹೇಳುವ ಮೊದಲೇ ತಮ್ಮ "ಭಾವ, ಕೇಳಿಸ್ತಾ?" ಅಂದ. ತಂಗಿಯ ಗಂಡ ಆಗಲೇ ಕಾರಿನ ಕೀ ಹುಡುಕುತ್ತಾ ಅರ್ಧ ಪಾರ್ಕಿಂಗ್ ದಾಟಿದ್ದರು.