ಶೇ. 98ರ ಯಶಸ್ಸನ್ನು ತಯಾರಿಸುವ ಬಗೆ

'ಆಪರೇಷನ್ ಸಕ್ಸಸ್, ಪೇಷೆಂಟ್ ಡೆಡ್' ಎಂಬ ಹಳೇ ಜೋಕಿಗೆ ಇನ್ನೂ ನಗುವವರು ಅಂಗಾಂಗ ಕಸಿಯ ಸಂಶೋಧನಾ ಲೇಖನಗಳನ್ನು ಓದಿಲ್ಲವೆಂದೇ ಅರ್ಥ. ಅಲ್ಲಿ ಅದು ಜೋಕಲ್ಲ, ಗ್ರಾಫು. ಕಸಿಯಾದ ಕಿಡ್ನಿ ಚೆನ್ನಾಗಿ ಕೆಲಸ ಮಾಡುತ್ತಿರುವಾಗಲೇ ರೋಗಿ ಹೃದಯಾಘಾತದಿಂದಲೋ ಸೋಂಕಿನಿಂದಲೋ ಕ್ಯಾನ್ಸರಿನಿಂದಲೋ ತೀರಿಕೊಂಡರೆ, ಆ ಸಾವನ್ನು ಬದಿಗಿಟ್ಟು ಕಿಡ್ನಿ ಎಷ್ಟು ಕಾಲ ಬಾಳಿತು ಎಂದು ಮಾತ್ರ ಎಣಿಸುವ ಅಂಗೀಕೃತ ಪದ್ಧತಿಯೊಂದಿದೆ. ಸೋತವನು ರೋಗಿ, ಕಿಡ್ನಿಯಲ್ಲ. ಕಿಡ್ನಿ ಸೋತರೆ ರಕ್ತದಲ್ಲಿ ಏರುವ ಕ್ರಿಯಾಟಿನಿನ್ ಕೊನೆಯ ದಿನವೂ ಬರೀ 1.2 ಇತ್ತಲ್ಲ, ಇನ್ನೇನು ಬೇಕು?

ಲೆಕ್ಕ ಹೀಗೆ ಓಡುತ್ತದೆ. ನೂರು ಮಂದಿಗೆ ಕಸಿಯಾಯಿತು ಎನ್ನಿ. ಹತ್ತು ವರ್ಷದಲ್ಲಿ 20 ಮಂದಿ ಕಿಡ್ನಿ ಸರಿಯಿದ್ದೂ ತೀರಿಕೊಂಡರು, 15 ಮಂದಿ ಮತ್ತೆ ಡಯಾಲಿಸಿಸ್‌ಗೆ ಹೋದರು. ಜೀವವೂ ಇದ್ದು ಕಿಡ್ನಿಯೂ ನಡೆಯುತ್ತಿರುವವರು 65. ಸಾವುಗಳನ್ನು ಹೊರಗಿಟ್ಟು ಅದೇ ಲೆಕ್ಕ ಮಾಡಿ, ಸಂಖ್ಯೆ ಸಲೀಸಾಗಿ 80 ದಾಟುತ್ತದೆ. ಒಬ್ಬರನ್ನೂ ಬದುಕಿಸದೆ ಯಶಸ್ಸನ್ನು 15 ಅಂಕ ಮೇಲೆತ್ತಿದ್ದಾಯಿತು. ದೇಹ ಅಂಗವನ್ನು ಯಾಕೆ ತಿರಸ್ಕರಿಸುತ್ತದೆ ಎಂದು ಹುಡುಕುವವರಿಗೆ ಈ ಎಣಿಕೆ ಬೇಕು, ತಕರಾರಿಲ್ಲ. ಆದರೆ ಅದು ಪ್ರಯೋಗಾಲಯದಿಂದ ಎದ್ದು ಜಾಹೀರಾತು ಫಲಕ ಏರಿದಾಗ ಜೊತೆಗಿದ್ದ ಅಡಿಟಿಪ್ಪಣಿ ಮಾತ್ರ ಕೆಳಗೇ ಉಳಿದುಬಿಡುತ್ತದೆ.

1967ರ ಡಿಸೆಂಬರ್ 3ರಂದು ಕೇಪ್‌ಟೌನ್‌ನಲ್ಲಿ ಕ್ರಿಸ್ಟಿಯಾನ್ ಬರ್ನಾರ್ಡ್ ಜಗತ್ತಿನ ಮೊದಲ ಮನುಷ್ಯ ಹೃದಯದ ಕಸಿ ಮಾಡಿದರು. ರೋಗಿ 18 ದಿನ ಬದುಕಿ ನ್ಯುಮೋನಿಯಾದಿಂದ ತೀರಿಕೊಂಡರು. ಹೃದಯ ಕೊನೆತನಕ ಚೆನ್ನಾಗಿಯೇ ಬಡಿಯುತ್ತಿತ್ತು. ಇವತ್ತಿನ ಈ ಲೆಕ್ಕ ಅಂದೇ ಇದ್ದಿದ್ದರೆ ಅಂಗದ ಬಾಳಿಕೆ ಶೇ. 100 ಎಂದು ಬರೆದುಕೊಳ್ಳಬಹುದಿತ್ತು.

ಹೊಸದಾಗಿ ಕಸಿ ವಿಭಾಗ ತೆರೆಯುವವರು ಕಲಿಯಬೇಕಾದ ಮೊದಲ ಪಾಠ ಶಸ್ತ್ರಕ್ರಿಯೆಯದಲ್ಲ, ಗಡಿಯಾರದ್ದು. ಗಡಿಯಾರವನ್ನು ಕಸಿಯಾದ ಕ್ಷಣದಿಂದ ಓಡಿಸಿ, ಹೆಸರು ನೋಂದಾಯಿಸಿದ ದಿನದಿಂದ ಬೇಡ. ಕಾಯುವ ಪಟ್ಟಿಯಲ್ಲೇ ಸತ್ತವರು ಆಗ ನಿಮ್ಮ ಪುಸ್ತಕಕ್ಕೇ ಬರುವುದಿಲ್ಲ. ಗಡಿಯಾರವನ್ನು ಉಲ್ಟಾ, ಅಂದರೆ ನೋಂದಣಿಯ ದಿನದಿಂದಲೇ ಓಡಿಸಿ ಗೆಲ್ಲುವ ದಾರಿಯೂ ಇದೆ. 'ಕಸಿಯಾದವರು ಕಸಿಯಾಗದವರಿಗಿಂತ ಹೆಚ್ಚು ಬದುಕಿದರು' ಎಂದು ಹೃದಯ ಕಸಿಯ ಆರಂಭದ ದಿನಗಳಲ್ಲೇ ಘೋಷಿಸಿದವರಿದ್ದರು. ಕಸಿಯಾಗಬೇಕಾದರೆ ಅಂಗ ಸಿಗುವ ತನಕ ಉಸಿರಾಡುತ್ತಿರಬೇಕಲ್ಲ ಎಂದು ಸಂಖ್ಯಾಶಾಸ್ತ್ರಜ್ಞ ಮಿಚೆಲ್ ಗೇಲ್ 1972ರಲ್ಲಿ ಎತ್ತಿ ತೋರಿಸಿದರು. ಹಾಗೆ ಘೋಷಿಸಿದವರು ಕಾದಿದ್ದ ದಿನಗಳನ್ನೂ ಶಸ್ತ್ರಕ್ರಿಯೆಯ ಪುಣ್ಯಕ್ಕೆ ಜಮೆ ಮಾಡಿದ್ದರು. ಇದಾಗಿ ಅರ್ಧ ಶತಮಾನ ಕಳೆದರೂ ಆ ತಪ್ಪು ಹೊಸ ಹೊಸ ಲೇಖನಗಳಲ್ಲಿ ದೀರ್ಘಾಯುಷಿಯಾಗಿ ಬಾಳುತ್ತಿದೆ.

ಎರಡನೆಯದು ವ್ಯಾಖ್ಯೆ. ಕಸಿಯಾದ ಮೊದಲ 7 ದಿನದೊಳಗೆ ಡಯಾಲಿಸಿಸ್ ಮಾಡಬೇಕಾಗಿ ಬಂದರೆ 'ಕಿಡ್ನಿ ತಡವಾಗಿ ಚಾಲೂ ಆಯಿತು' ಎಂದು ದಾಖಲಾಗುತ್ತದೆ. ಅಂದರೆ ಈ ತೊಡಕು ಇರುವುದು ಕಿಡ್ನಿಯಲ್ಲಲ್ಲ, ಡಯಾಲಿಸಿಸ್‌ಗೆ ಬರೆದುಕೊಡುವ ಕೈಯಲ್ಲಿ. ಆರನೇ ರಾತ್ರಿ ಪೊಟ್ಯಾಸಿಯಂ ಏರಿತೆಂದು ಒಂದೇ ಸಲ ಯಂತ್ರಕ್ಕೆ ಹಾಕಿದ ಪುಕ್ಕಲು ವೈದ್ಯನ ವಿಭಾಗಕ್ಕೆ ಕೆಟ್ಟ ಅಂಕ. ಮೂತ್ರ ಹೆಚ್ಚಿಸುವ ಇಂಜೆಕ್ಷನ್ ಕೊಡುತ್ತಾ ಎಂಟನೇ ಬೆಳಗಿನವರೆಗೆ ಎಳೆದವನ ವಿಭಾಗಕ್ಕೆ ಶುಭ್ರ ದಾಖಲೆ.

ರಿಜೆಕ್ಷನ್, ಅಂದರೆ ದೇಹ ಅಂಗವನ್ನು ತಿರಸ್ಕರಿಸುವ ವಿಷಯದಲ್ಲಂತೂ ಇನ್ನೂ ಸುಲಭ. ಸಂಶೋಧನೆಯಲ್ಲಿ ಲೆಕ್ಕಕ್ಕೆ ಬರುವುದು ಬಯಾಪ್ಸಿಯಲ್ಲಿ, ಅಂದರೆ ಸೂಜಿಯಿಂದ ಅಂಗದ ಚೂರು ತೆಗೆದು ನೋಡಿದಾಗ, ಸಾಬೀತಾದದ್ದು ಮಾತ್ರ. ಸೂಜಿ ಚುಚ್ಚದಿದ್ದರೆ ರಿಜೆಕ್ಷನ್ನೇ ಇಲ್ಲ. ಕ್ರಿಯಾಟಿನಿನ್ ಏರಿತೇ? ನೀರು ಕಡಿಮೆ ಕುಡಿದಿರಬೇಕು, ರಿಜೆಕ್ಷನ್ ತಡೆಯುವ ಔಷಧ ಟ್ಯಾಕ್ರೊಲಿಮಸ್‌ನ ಮಟ್ಟ ಹೆಚ್ಚಾಗಿರಬೇಕು. ಯಾವುದಕ್ಕೂ ಇರಲಿ ಎಂದು ಮೂರು ದಿನ ಸ್ಟೀರಾಯ್ಡ್ ಕೊಟ್ಟು ಕಳುಹಿಸಿ. ಚಿಕಿತ್ಸೆ ಆಯಿತು, ಕಾಯಿಲೆ ಮಾತ್ರ ಆಗಲಿಲ್ಲ.

ಔಷಧ ಪ್ರಯೋಗಗಳವರು ಇನ್ನೂ ಉದಾರಿಗಳು. ಬಯಾಪ್ಸಿಯ ರಿಜೆಕ್ಷನ್, ಅಂಗ ನಷ್ಟ, ಸಾವು, ಸಂಪರ್ಕ ತಪ್ಪಿದ್ದು, ಈ ನಾಲ್ಕನ್ನೂ ಸೇರಿಸಿ 'ವೈಫಲ್ಯ' ಎಂಬ ಒಂದೇ ಅಂಕ ಕೊಡುತ್ತಾರೆ. ಮೂರು ಇಂಜೆಕ್ಷನ್‌ಗೆ ಇಳಿಯುವ ಸಣ್ಣ ರಿಜೆಕ್ಷನ್, ಸಾವು, ಊರು ಬದಲಿಸಿ ಫೋನ್ ಎತ್ತದವನು, ಮೂವರಿಗೂ ತೂಕ ಒಂದೇ. ಇಷ್ಟು ಸಮಾನತೆ ಬೇರೆಲ್ಲೂ ಸಿಗದು. ಕಿಡ್ನಿ ಕಸಿಯಲ್ಲಿ ರಿಜೆಕ್ಷನ್ ತಡೆಯಲು ಬಳಸುವ ಬೆಲಾಟಸೆಪ್ಟ್‌ನ ದೊಡ್ಡ ಪ್ರಯೋಗದಲ್ಲಿ ಮೊದಲ ವರ್ಷ ರಿಜೆಕ್ಷನ್ ಆದದ್ದು, ಔಷಧದ ಎರಡು ಪ್ರಮಾಣಗಳಲ್ಲಿ, ಶೇ. 22 ಮತ್ತು 17 ಮಂದಿಗೆ. ಹೋಲಿಕೆಗಿದ್ದ ಹಳೆಯ ಔಷಧ ಸೈಕ್ಲೋಸ್ಪೊರಿನ್ ಪಡೆದ ಗುಂಪಿನಲ್ಲಿ ಬರೀ ಶೇ. 7. ಏಳು ವರ್ಷದ ಹೊತ್ತಿಗೆ ನೋಡಿದರೆ, ಸಾವು ಅಥವಾ ಕಿಡ್ನಿ ನಷ್ಟದ ಅಪಾಯ ಬೆಲಾಟಸೆಪ್ಟ್ ಪಡೆದವರಲ್ಲೇ ಶೇ. 43ರಷ್ಟು ಕಡಿಮೆ. ಮೊದಲ ವರ್ಷದ ರಿಜೆಕ್ಷನ್ ಅಂಕಿಯನ್ನೇ ಜಾತಕವೆಂದು ನಂಬಿದವರು ಈ ಮದುವೆಯನ್ನು ಮುರಿದೇಬಿಡುತ್ತಿದ್ದರು.

ಸೋಂಕಿನ ಅಧ್ಯಾಯಕ್ಕೆ ಮುಹೂರ್ತ ನೋಡಬೇಕು. ದಾನಿಯಲ್ಲಿ ಸೈಟೊಮೆಗಾಲೊ ವೈರಸ್ ಇದ್ದು ಪಡೆದವರಲ್ಲಿ ಇಲ್ಲದಿದ್ದರೆ ಅಪಾಯ ಹೆಚ್ಚು, ಅದಕ್ಕೇ ವಾಲ್‌ಗ್ಯಾನ್ಸಿಕ್ಲೋವಿರ್ ಮಾತ್ರೆ. ಮಾತ್ರೆ ನುಂಗುತ್ತಿರುವ ತನಕ ವೈರಸ್ ಬಹುಮಟ್ಟಿಗೆ ತೆಪ್ಪಗಿರುತ್ತದೆ, ನಿಲ್ಲಿಸಿದ ಮೇಲೆ ತಲೆ ಎತ್ತುತ್ತದೆ. ಕಿಡ್ನಿ ಕಸಿಯಾದ ಇಂಥವರ ಮೇಲಿನ ಪ್ರಯೋಗವೊಂದರ ಫಲಿತಾಂಶ 2010ರಲ್ಲಿ ಬಂತು: 100 ದಿನ ಮಾತ್ರೆ ಪಡೆದವರಲ್ಲಿ ವರ್ಷದೊಳಗೆ ಶೇ. 36.8 ಮಂದಿಗೆ ಆ ಕಾಯಿಲೆ ಬಂದಿತ್ತು, 200 ದಿನ ಪಡೆದವರಲ್ಲಿ ಶೇ. 16.1. ನೂರನೇ ದಿನವೇ ಕಡತ ಮುಚ್ಚಿದ್ದರೆ ಎರಡು ಗುಂಪಿಗೂ ಹೆಚ್ಚುಕಡಿಮೆ ಒಂದೇ ಫಲಿತಾಂಶ ಬಂದು, ಅರ್ಧದಷ್ಟು ಮಾತ್ರೆ ಉಳಿಸಿದ ಜಾಣರಿಗೆ ಸನ್ಮಾನವಾಗುತ್ತಿತ್ತು.

ತೊಡಕುಗಳನ್ನು ಪಕ್ಕದ ವಿಭಾಗಕ್ಕೆ ದಾಟಿಸುವುದೂ ಒಂದು ಕಲೆ. ಲಿವರ್, ಹೃದಯ, ಶ್ವಾಸಕೋಶ ಉಳಿಸುವ ಟ್ಯಾಕ್ರೊಲಿಮಸ್, ಸೈಕ್ಲೋಸ್ಪೊರಿನ್ ಔಷಧಗಳು ಕಿಡ್ನಿಯ ಸಣ್ಣ ರಕ್ತನಾಳಗಳನ್ನು ಬಿಗಿದು, ವರ್ಷಗಟ್ಟಲೆ ಆದಮೇಲೆ ಅಲ್ಲಿ ಗಾಯದ ಕಲೆ ಉಳಿಸುತ್ತವೆ. ಕಿಡ್ನಿಯಲ್ಲದ ಅಂಗ ಪಡೆದ ಸುಮಾರು 69,000 ಮಂದಿಯ ದಾಖಲೆ ನೋಡಿದ 2003ರ ಅಧ್ಯಯನದಲ್ಲಿ ಶೇ. 16.5 ಮಂದಿಗೆ ದೀರ್ಘಕಾಲಿಕ ಕಿಡ್ನಿ ವೈಫಲ್ಯ ಬಂದಿತ್ತು. ಅವರನ್ನು ಗಮನಿಸಿದ ಅವಧಿಯ ಮಧ್ಯಾಂಕ 36 ತಿಂಗಳು. ಆದರೂ ಲಿವರ್ ವಿಭಾಗದ ಬಾಳಿಕೆಯ ಗೆರೆ ಒಂದಿಷ್ಟೂ ಬಾಗಬೇಕಿಲ್ಲ, ಲಿವರ್ ಚೆನ್ನಾಗೇ ಇದೆಯಲ್ಲ. ರೋಗಿ ಮಹಡಿ ಇಳಿದು ಡಯಾಲಿಸಿಸ್ ಘಟಕಕ್ಕೆ ಹೋದರೆ ಅದು ಇನ್ನೊಬ್ಬರ ಕಡತ.

ಇಷ್ಟೆಲ್ಲ ಆದಮೇಲೂ ಉಳಿಯುವ ಮಹಾದೇವತೆ ಒಂದು ವರ್ಷ. ಕಿಡ್ನಿ ಕಸಿಯಾದವರಿಗೆ ಮೊದಲ ಎರಡು ವಾರ ಸಾವಿನ ಅಪಾಯ ಪಟ್ಟಿಯಲ್ಲಿ ಕಾಯುತ್ತಿರುವವರ 2.8 ಪಟ್ಟು ಎಂದು 1999ರ ಪ್ರಸಿದ್ಧ ಅಮೆರಿಕನ್ ಅಧ್ಯಯನ ಹೇಳಿತು. ಇಬ್ಬರ ಬದುಕುಳಿಯುವ ಸಾಧ್ಯತೆ ಸಮವಾದದ್ದು 244ನೇ ದಿನ, ನಿಜವಾದ ಲಾಭ ಶುರುವಾಗುವುದು ಅಲ್ಲಿಂದಾಚೆ. 365ಕ್ಕೆ ಅಳತೆಪಟ್ಟಿ ಮಡಚಿದರೆ ಲಾಭದ ನಾಲ್ಕೇ ತಿಂಗಳು ಕಂಡಂತಾಯಿತು. ಆದರೇನು, ಪರವಾನಗಿ ಅದರ ಮೇಲೇ ನಿಂತಿದ್ದರೆ? 2007ರಲ್ಲಿ ಅಮೆರಿಕದ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ಹಾಗೇ ಮಾಡಿತು. ವರ್ಷದ ಅಂಕಿ ನಿರೀಕ್ಷೆಗಿಂತ ತೀರಾ ಕೆಳಗಿಳಿದರೆ ಕೇಂದ್ರದ ಮಾನ್ಯತೆಗೇ ಕುತ್ತು. ಕೇಂದ್ರಗಳು ಚೆನ್ನಾಗಿ ಪಾಠ ಕಲಿತವು: ಕಷ್ಟದ ರೋಗಿ ಬೇಡ, ವಯಸ್ಸಾದ ದಾನಿಯ ಕಿಡ್ನಿ ಬೇಡ. ಈಚಿನ ವರ್ಷಗಳಲ್ಲಿ ಆ ದೇಶದಲ್ಲಿ ಮೃತ ದಾನಿಗಳಿಂದ ತೆಗೆದ ಕಿಡ್ನಿಗಳಲ್ಲಿ ಸುಮಾರು ಕಾಲು ಭಾಗ ಯಾರಿಗೂ ಕಸಿಯಾಗದೆ ಹೋಗುತ್ತಿದೆ. ಅದಕ್ಕೆ ಬೇರೆ ಕಾರಣಗಳೂ ಇವೆ, ಆದರೆ ಬಳಸದ ಕಿಡ್ನಿ ಯಾರ ಅಂಕಿಯನ್ನೂ ಕೆಡಿಸುವುದಿಲ್ಲ ಎಂಬುದೂ ನಿಜ.

2019ರ ಅಕ್ಟೋಬರ್‌ನಲ್ಲಿ ಅಮೆರಿಕದ ತನಿಖಾ ಸುದ್ದಿಸಂಸ್ಥೆ ಪ್ರೊಪಬ್ಲಿಕಾ ಒಂದು ವರದಿ ಪ್ರಕಟಿಸಿತು. ನ್ಯೂಜೆರ್ಸಿಯಲ್ಲಿ ಹೃದಯ ಕಸಿಯಾದ ರೋಗಿಯೊಬ್ಬರ ಮಿದುಳಿಗೆ ಹಾನಿಯಾಗಿ ಪ್ರಜ್ಞೆ ಮರಳಿರಲಿಲ್ಲ. ಕೇಂದ್ರದ ಬದುಕುಳಿಯುವಿಕೆಯ ಅಂಕಿ ಬೀಳಬಾರದೆಂದು ಅವರನ್ನು ವರ್ಷ ತುಂಬುವವರೆಗೆ ಹೇಗಾದರೂ ಉಳಿಸಿಕೊಳ್ಳಬೇಕು ಎಂದು ವೈದ್ಯರ ಸಭೆಯಲ್ಲಿ ನಡೆದ ಮಾತುಗಳ ಧ್ವನಿಮುದ್ರಣ ಆ ಪತ್ರಕರ್ತರಿಗೆ ಸಿಕ್ಕಿತ್ತು. ವಿಡಂಬನೆ ಬರೆಯುವವರ ಹೊಟ್ಟೆಗೆ ಹೊಡೆಯುವುದೆಂದರೆ ಇದೇ.

ವರ್ಷದ ಅಂಕಿಗೆ ಮರುಮಾನ್ಯತೆಯನ್ನು ಕಟ್ಟಿಹಾಕಿದ್ದ ಆ ನಿಯಮವನ್ನು ಮೆಡಿಕೇರ್ ಅದೇ ವರ್ಷ ಕೈಬಿಟ್ಟಿತು. ಆಮೇಲೆ ಅಲ್ಲಿನ ಕಸಿ ಜಾಲ ಹೊಸ ಅಳತೆಗಳನ್ನು ತಂದಿದೆ. ಬಂದ ಅಂಗಗಳಲ್ಲಿ ಎಷ್ಟನ್ನು ಒಪ್ಪಿಕೊಂಡಿರಿ, ಕಾಯುತ್ತಿದ್ದವರಲ್ಲಿ ಎಷ್ಟು ಮಂದಿ ಸತ್ತರು ಎಂದೂ ಈಗ ಕೇಳುತ್ತಾರೆ, ಅಷ್ಟರಮಟ್ಟಿಗೆ ಒಳ್ಳೆಯದೇ. ಜೊತೆಗೆ ಅಂಗದ ಬಾಳಿಕೆಯನ್ನು ಮೊದಲ 90 ದಿನಕ್ಕೆ ಒಮ್ಮೆ, 90 ದಾಟಿದವರಲ್ಲಿ ವರ್ಷಕ್ಕೆ ಇನ್ನೊಮ್ಮೆ ಅಳೆಯುತ್ತಾರೆ. ಕ್ಯಾಲೆಂಡರಿನಲ್ಲಿ ಒಂದು ತಾರೀಖಿಗೆ ಕೆಂಪು ಸುತ್ತು ಹಾಕುತ್ತಿದ್ದವರು ಈಗ ಎರಡಕ್ಕೆ ಹಾಕಿಕೊಳ್ಳಬೇಕು, ಅಷ್ಟೇ ಹೆಚ್ಚುವರಿ ಕೆಲಸ.